ಎಂಟು ನಿಮಿಷದ ಮರಳು

ಸಾರೆಲಾ ಗಣರಾಜ್ಯದ ಸಂವಿಧಾನ
ನೂರಹನ್ನೆರಡು ಪುಟ. ಅದರಲ್ಲಿ ನಾನು
ಎಲ್ಲಿದ್ದೇನೆಂದು ಕೇಳಿದರೆ, ತೊಂಬತ್ತನೆಯ ಪುಟದಲ್ಲಿ,
ಅಡಿಟಿಪ್ಪಣಿಗಿಂತ ಒಂದು ಗೆರೆ ಮೇಲೆ:
‘ಮರಳು ಮುಗಿದೊಡನೆ ದ್ವಾರಪಾಲಕನು ಬಾಗಿಲು ಹಾಕತಕ್ಕದ್ದು.
ಮತ ಎಣಿಸಿ ಮುಗಿಯುವ ತನಕ ತೆರೆಯತಕ್ಕದ್ದಲ್ಲ.’
ಹೆಸರು ಹಾಕಿಲ್ಲ. ಊರ್ಮಾಸ್ ಅಂತ.
ಇಪ್ಪತ್ತಾರು ವರ್ಷ, ಒಂದೇ ಕೀಲಿಕೈ, ಮೂರು ಕೋಟು.

ಹೊರಗಿನವರಿಗೆ ಹೇಳುವುದಾದರೆ ನಮ್ಮದು ಸರಳ:
ಹದಿನೇಳು ದ್ವೀಪ, ಅರವತ್ತೊಂದು ಕುರ್ಚಿ.
ಹೆಚ್ಚು ಕುರ್ಚಿ ಯಾರ ಮಾತಿಗೆ ತಲೆಯಾಡಿಸುತ್ತವೋ
ಅವರು ಪ್ರಧಾನಿ, ಆಡಿಸುವಷ್ಟು ದಿನ.
ಅಧ್ಯಕ್ಷರೂ ಇದ್ದಾರೆ, ಹಳೆಯ ಸುಂಕದ ಮನೆಯ ಮಹಡಿಯಲ್ಲಿ;
ಅವರ ಅಧಿಕಾರವೆಂದರೆ ಒಂದು ಪೆನ್ನು, ಮತ್ತು
ಆ ಪೆನ್ನನ್ನು ಮೂರು ದಿನ ಎತ್ತದೆ ಇರುವ ಹಕ್ಕು.
ಎರಡನೆಯದೇ ದೊಡ್ಡದು ಎನ್ನುತ್ತಾರೆ ಬಲ್ಲವರು.

ಆ ಫೆಬ್ರುವರಿಯಲ್ಲಿ ಜಗಳ ಹಡಗಿನ ಟಿಕೆಟ್ಟಿನದು.
ಹೊರದ್ವೀಪದ ದಾರಿಗೆ ಇನ್ನೆರಡು ಕಾಸು.
ಎರಡು ಕಾಸಿಗೆ ಸರ್ಕಾರ ಬೀಳುತ್ತದೆಯೇ ಎಂದು ನಗಬೇಡಿ.
ಹಲ್ಲು ಕೀಳಿಸಲು, ಹೆಣ ತರಲು,
ಮದುವೆಯ ಬೂಟು ಕೊಳ್ಳಲು
ಅಲ್ಲಿಯವರಿಗೆ ಇರುವುದು ಅದೊಂದೇ ಹಡಗು.

ವಿಶ್ವಾಸಮತದ ಗಂಟೆ ಬಾರಿಸಿದೆ. ಮರಳಿನ ಗಾಜು ಮಗುಚಿದೆ.
ಎಂಟು ನಿಮಿಷ.
ಊಟದ ಕೋಣೆಯಿಂದ ಬಂದರು, ಬಾಯಲ್ಲಿ ಇನ್ನೂ ಕಪ್ಪು ರೊಟ್ಟಿ.
ಬಚ್ಚಲಿನಿಂದ ಬಂದರು, ಕೈ ಒರೆಸುತ್ತ.
ಮೊನ್ನೆಯಷ್ಟೇ ಪಕ್ಷ ಬದಲಿಸಿದ ಕೈಡೋ
ಯಾವ ಕಡೆಯ ಬೆಂಚೆಂದು ಮರೆತು ನಡುವೆಯೇ ನಿಂತ.
ಪ್ರಧಾನಿ ಹೆಲ್ಯು ರಾವ್ನಿಕ್ ತಮ್ಮ ಕೈಚೀಲದ ಗುಂಡಿ
ಹಾಕಿ, ತೆಗೆದು, ಹಾಕಿ.

ಅರವತ್ತು ಜನ. ಒಂದು ಕುರ್ಚಿ ಬರಿದು.

ಮರಳು ಮುಗಿಯಿತು. ಬಾಗಿಲು ಹಾಕಿದೆ.
ಆಗ ಕೇಳಿಸಿತು ಮೆಟ್ಟಿಲ ಮೇಲೆ ಬೂಟು.
ವಿಲ್ಮಾ ಊಸ್ತ್, ಎಪ್ಪತ್ತೊಂದರ ಮುದುಕಿ, ಕಟ್ಟಕಡೆಯ ದ್ವೀಪದವಳು,
ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತೆಂದು
ಹೆಪ್ಪುಗಟ್ಟಿದ ಕಡಲ ಮೇಲೆ ನಡೆದೇ ಬಂದವಳು.
ಬಾಗಿಲ ಗಾಜಿನಾಚೆ ಅವಳ ಉಸಿರು ಬೆಳ್ಳಗೆ ಹರಡಿತು,
ನಡುವೆ ಒಂದು ಕಣ್ಣು.
ಬಡಿಯಲಿಲ್ಲ. ಅಂಗೈಯನ್ನು ಗಾಜಿಗೆ ಒತ್ತಿದಳು, ಅಷ್ಟೆ.
ಕೀಲಿಕೈ ನನ್ನ ಜೇಬಿನಲ್ಲಿ ಬೆಚ್ಚಗಿತ್ತು.

ಒಳಗೆ ಮೂವತ್ತು, ಮೂವತ್ತು.
ಸಮ ಬಂದರೆ ಬಿತ್ತು ಎಂದೇ ನಮ್ಮ ಕಾನೂನು;
ಬರೆದವರಿಗೆ ಅನಿಸಿರಬೇಕು
ವಿಶ್ವಾಸ ಅನ್ನುವುದು ಅರ್ಧ ಇರಲಾರದೆಂದು.

ಬಾಗಿಲು ತೆರೆದಾಗ ಅವಳು ಮೆಟ್ಟಿಲ ಮೇಲೆ ಕೂತು
ಬೂಟನ್ನು ಕಲ್ಲಿಗೆ ಬಡಿದು ಹಿಮ ಉದುರಿಸುತ್ತಿದ್ದಳು.
‘ಮರಳು ಸರಿಯಾಗಿತ್ತೇನಪ್ಪಾ?’
‘ಸರಿಯಾಗಿತ್ತು.’
‘ಹಾಗಾದರೆ ಸರಿ’ ಎಂದಳು.
ಯಾವ ಕಡೆಗೆ ಹಾಕುವವಳಿದ್ದಳೋ
ಅವತ್ತೂ ಹೇಳಲಿಲ್ಲ, ಆಮೇಲೂ ಇಲ್ಲ.

ಈಗ ನನ್ನ ಮಾತು, ಕಡತಕ್ಕೆ ಹೋಗದ ಮಾತು.
ಥಂಡಿಯ ದಿನಗಳಲ್ಲಿ ಮರಳು ಗಾಜಿನ ಕೊರಳಲ್ಲಿ ಗಂಟು ಕಟ್ಟುತ್ತದೆ.
ಉಗುರಿನಿಂದ ಒಂದೆರಡು ಬಾರಿ ತಟ್ಟುತ್ತೇನೆ, ರೂಢಿ.
ನನಗಿಂತ ಮೊದಲಿದ್ದವನೂ ತಟ್ಟುತ್ತಿದ್ದ.
ತಟ್ಟಬಹುದೆಂದು ಸಂವಿಧಾನದಲ್ಲಿಲ್ಲ,
ತಟ್ಟಬಾರದೆಂದೂ ಇಲ್ಲ.
ಆ ದಿನ ತಟ್ಟಿದೆನೋ ಇಲ್ಲವೋ,
ತಟ್ಟಿದ್ದರೆ ಎಷ್ಟು ಸಲ,
ಈ ಬೆರಳಿಗೆ ನೆನಪಿಲ್ಲ.

ಚುನಾವಣೆಯಾಯಿತು. ರಾವ್ನಿಕ್ ಈಗ ಎದುರು ಬೆಂಚಿನಲ್ಲಿ, ಅದೇ ಕೈಚೀಲ.
ಟಿಕೆಟ್ಟು ಎರಡಲ್ಲ, ಮೂರು ಕಾಸು ಏರಿತು.
ಮರಳಿನ ಜಾಗಕ್ಕೆ ಕರೆಂಟಿನ ಗಡಿಯಾರ ಬರಲೆಂಬ ಮಸೂದೆ
ಉಪಸಮಿತಿಯಲ್ಲಿದೆ, ಅಂದರೆ ಆರಾಮಾಗಿದೆ.
ನನಗೂ ಮತವಿದೆ, ನಾಲ್ಕು ವರ್ಷಕ್ಕೊಮ್ಮೆ, ಎಲ್ಲರ ಹಾಗೆ,
ಮೀನುಪೇಟೆಯ ಶಾಲೆಯಲ್ಲಿ, ಪರದೆಯ ಹಿಂದೆ.
ಅಲ್ಲಿ ಯಾವತ್ತೂ ನನ್ನ ಕೈ ನಡುಗಿಲ್ಲ.

ಈಗ ಗಾಜು ಮಗುಚಿದ ಮೇಲೆ
ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇನೆ.
ಗಂಟು ಕಟ್ಟಿದರೆ ಕಟ್ಟಲಿ.
ಕೆಲವು ಸಲ ಎಂಟು ನಿಮಿಷ ಹತ್ತಾಗುತ್ತದೆ.
ಯಾರೂ ಕೇಳಿಲ್ಲ.