ಒಂದು ಗೀಟು ಕಡಿಮೆ

ಮರಳುಗಾಡಿನ ಅಂಚಿನ ಗುಹೆಯಲ್ಲಿ
ಲಿಪಿಕಾರ ಸುವೋ ಯಾನ್ ಸೂತ್ರ ನಕಲು ಮಾಡುತ್ತಿದ್ದಾನೆ,
ಮಸಿ ಹೆಪ್ಪುಗಟ್ಟದಂತೆ ಬಟ್ಟಲಿಗೆ ಉಸಿರೂದುತ್ತ.

'ಪ್ರಜೆ' ಎಂಬ ಅಕ್ಷರ ಬಂದಾಗ ಕುಂಚ ನಿಲ್ಲುತ್ತದೆ:
ತೀರಿಹೋದ ದೊರೆಯ ಹೆಸರಲ್ಲೂ ಅದೇ ಅಕ್ಷರ.
ಪೂರ್ತಿ ಬರೆದರೆ ಅಪರಾಧ.
ಕೊನೆಯ ಗೀಟು ಬಿಡುತ್ತಾನೆ.
ನೂರು ವರ್ಷದಿಂದ ಹೀಗೇ,
ಪ್ರಜೆ ಕುಂಟುತ್ತಲೇ ಇದೆ.
ಗೋಡೆಯ ಮೇಲೆ ಸಾವಿರ ಬುದ್ಧರು,
ಒಬ್ಬರೂ ತುಟಿ ಬಿಚ್ಚುವುದಿಲ್ಲ.

ಕಾಗದವೂ ಹೊಸದಲ್ಲ. ಬೆನ್ನಿಗೆ ದಂಡಿನ ಹಳೆಯ ಪಟ್ಟಿ;
ದೀಪಕ್ಕೆ ಹಿಡಿದರೆ
ತಮ್ಮನ ಹೆಸರು, ಪಕ್ಕದಲ್ಲಿ
ಒಂದು ಕುದುರೆ, ಎರಡು ಬಿಲ್ಲು,
ಮರಳಿದ ದಿನ: ಖಾಲಿ.

ಇದರ ಪುಣ್ಯವೆಲ್ಲ ಅವನಿಗೆ ಸಲ್ಲಲಿ ಎಂದು
ಕಡೆಯಲ್ಲಿ ಸಣ್ಣದಾಗಿ ಬರೆಯುತ್ತ,
ಅತ್ತಿತ್ತ ನೋಡಿ,
ತಮ್ಮನ ಹೆಸರಿಗೂ
ಒಂದು ಗೀಟು ಬಿಡುತ್ತಾನೆ,
ದೊರೆಗೆ ಬಿಟ್ಟಂತೆ.