ಅಡಿಟಿಪ್ಪಣಿ ಎಣಿಕೆಗಿಲ್ಲ

ಪದಕ್ಕೆ ಒಂದೂವರೆ ರೂಪಾಯಿ.
ಅಡಿಟಿಪ್ಪಣಿ ಎಣಿಕೆಗಿಲ್ಲ ಎಂದು
ಹೈದರಾಬಾದಿನಿಂದ ಫೋನು ಮಾಡಿದವರು ಮೊದಲೇ ಹೇಳಿದ್ದರು.
ಒಪ್ಪಿಕೊಂಡೆ. ಮೇ ತಿಂಗಳು, ಕಲಬುರಗಿ,
ಕೂಲರಿನ ಹುಲ್ಲು ಬದಲಿಸಬೇಕಿತ್ತು,
ಬಿಲ್ಲು ಕಟ್ಟಬೇಕಿತ್ತು, ಕರೆಂಟಿನದೇ ಬಿಲ್ಲು.

ಸೂಪರ್ ಮಾರ್ಕೆಟ್ಟಿನ ಹಿಂದಿನ ಖೋಲಿ.
ನೆಲಕ್ಕೆ ಶಹಾಬಾದಿ ಹಾಸು, ರಾತ್ರಿ ಹನ್ನೊಂದಕ್ಕೂ
ಅಂಗಾಲಿಗೆ ಹಂಚಿನಂತೆ ತಾಗುತ್ತದೆ.
ತೊಂಬತ್ತಾರು ಪುಟ. ಮುಖಪುಟದಲ್ಲಿ ಒಂದು ಎಲೆ,
ಎಲೆಯ ಮೇಲೆ ಹನಿ, ಹನಿಯೊಳಗೆ ಕಂಪನಿಯ ಹೆಸರು.
ಚಿಮಣಿಯ ಚಿತ್ರ ಎಲ್ಲೂ ಇಲ್ಲ.

ನೆಟ್ ಝೀರೋ ಮೂರನೆಯ ಪುಟದಲ್ಲೇ ಎದುರಾಯಿತು.
ನಿವ್ವಳ ಶೂನ್ಯ ಎಂದು ಬರೆದೆ, ಅಳಿಸಿದೆ.
ಈ ಸೀಮೆಯಲ್ಲಿ ಶೂನ್ಯ ಅಂದರೆ
ಮಾತು ನಿಲ್ಲಿಸಿ ಕೂತು ಕೇಳುವವರಿದ್ದಾರೆ;
ಅಷ್ಟು ಬರಿದಾಗಲು ಒಂದು ಜನ್ಮ ಸಾಲದು.
ಸೊನ್ನೆ ಎಂದರೆ ಗಣಿತದ ಮಾಸ್ತರರ ಕೆಂಪು ಶಾಯಿ.
ದಾದಿಮಾ ಅನ್ನುತ್ತಿದ್ದದ್ದು ಸಿಫರ್.
ಸಂತೆಯಿಂದ ಬಂದು, ಸಬ್ ಮಿಲಾಕೆ ಸಿಫರ್ ಎಂದು
ಸೆರಗಿನ ಗಂಟು ಬಿಚ್ಚಿ ತೋರಿಸುತ್ತಿದ್ದಳು.
ಮೂರರಲ್ಲಿ ಸುಳ್ಳಿಲ್ಲದ್ದು ಅದೊಂದೇ.
ಕಂಪನಿಗೆ ಬೇಡವಾಯಿತು.

ಎರಡು ಸಾವಿರದ ಐವತ್ತರ ಹೊತ್ತಿಗೆ ನಿವ್ವಳ ಶೂನ್ಯ.
ಮೂವತ್ತೈದರೊಳಗೆ ಪ್ರತಿ ಯೂನಿಟ್ಟಿಗೆ ಶೇಕಡಾ ನಲವತ್ತು ಕಡಿತ.
ನಲವತ್ತರ ತಲೆಯ ಮೇಲೊಂದು ನಕ್ಷತ್ರ;
ಅದನ್ನು ಹಿಡಿದು ಕೆಳಗಿಳಿದರೆ ಇರುವೆಯಂಥ ಅಕ್ಷರ:
ಹೊರಗಿನಿಂದ ಕೊಂಡು ಮಾರುವ ವಿದ್ಯುತ್ತಿನ ಹೊಗೆ
ಈ ಗುರಿಯಲ್ಲಿ ಸೇರಿಲ್ಲ.
ಎಂಟು ಪದ. ಹನ್ನೆರಡು ರೂಪಾಯಿ.
ಆ ಹೊಗೆಯೂ ಲೆಕ್ಕಕ್ಕಿಲ್ಲ, ನನ್ನ ಹನ್ನೆರಡೂ ಇಲ್ಲ.

ಅಹವಾಲು ಸಭೆ ಚಿತ್ತಾಪುರದಾಚೆ, ಕಾಗಿಣಾ ದಂಡೆಯಲ್ಲಿ.
ಮೂರನೆಯ ಘಟಕಕ್ಕೆ ಜನರ ಮಾತು ಕೇಳುವ ದಿನ.
ಶಾಮಿಯಾನ, ಬಾಡಿಗೆ ಫ್ಯಾನು, ಡೀಸೆಲ್ ಜನರೇಟರು.
ನನ್ನ ಕನ್ನಡವನ್ನು ಒಬ್ಬ ಹುಡುಗ ಮೈಕಿನಲ್ಲಿ ಓದಿದ,
ಹೊರಸೂಸುವಿಕೆ ಎಂಬಲ್ಲಿ ಎರಡು ಸಲ ಎಡವಿದ.
ತಪ್ಪು ಅವನದಲ್ಲ.

ರೊಟ್ಟಿ ಕೇಂದ್ರ ನಡೆಸುವ ನೀಲಗಂಗಮ್ಮ ಎದ್ದಳು,
ಮಣಿಕಟ್ಟಿನವರೆಗೆ ಹಿಟ್ಟು.
"ಯಪ್ಪಾ, ಒಂದೊಂದ್ ರೊಟ್ಟಿಗಿ ಹಿಟ್ಟು ಕಮ್ಮಿ ಹಚ್ತೀವಿ ಅಂತೀರಿ.
ಖರೆ. ತೆಳ್ಳಗ ಬಡೀತೀರಿ, ಶಾಣ್ಯಾ ಇದ್ದೀರಿ.
ಆದ್ರ ನಿನ್ನಿ ನೂರ್ ಬಡದೋರು
ನಾಳಿ ಮುನ್ನೂರ್ ಬಡೀತೀವಿ ಅಂದ್ರ
ಚೀಲದಾನ ಹಿಟ್ಟು ಉಳೀತದೋ, ತೀರ್ತದೋ?"

ಸಭೆ ನಕ್ಕಿತು. ಅಧಿಕಾರಿಗಳೂ ನಕ್ಕು
ಒಳ್ಳೆಯ ಪ್ರಶ್ನೆ ಎಂದು ಬರೆದುಕೊಂಡರು.
ಅವಳು ಕೂರಲಿಲ್ಲ.
"ಇನ್ನೊಂದ್ ಅದ. ಮೂಲ ವರ್ಷ ಅಂದ್ರಲ್ಲ,
ಅದು ಯಾರ್ ವರ್ಷ?"

ಮೂಲ ವರ್ಷ. ನನ್ನದೇ ಪದ.
ಕಂಪನಿ ಇಳಿಕೆಯನ್ನು ಅಳೆಯಲು ಶುರುಮಾಡಿದ ವರ್ಷ.
ಅತಿ ಹೆಚ್ಚು ಕಲ್ಲಿದ್ದಲು ಉರಿದ ವರ್ಷವೂ ಅದೇ ಎಂದು
ಎಂಬತ್ತೊಂದನೆಯ ಪುಟದ ಕೋಷ್ಟಕ ಹೇಳುತ್ತದೆ, ಹುಡುಕಿದರೆ.
ಗುಡ್ಡದ ನೆತ್ತಿಯಲ್ಲಿ ನಿಂತವನಿಗೆ
ಎತ್ತ ಹೆಜ್ಜೆ ಇಟ್ಟರೂ ಇಳಿತವೇ.

"ನಮ್ದು," ಅಂದಳು, "ನಾ ಈ ಊರಿಗಿ ನಡೀಲಾಕ ಬಂದ ವರ್ಷ.
ಮಾಳಗಿ ಮ್ಯಾಲ ಜ್ವಾಳ ಹರವಿದ್ರ
ಸಂಜಿಗೂ ಬೆಳ್ಳಗೇ ಇರ್ತಿತ್ತು.
ಅಲ್ಲಿಂದ ಅಳೀರಿ."

ವಾರದ ನಂತರ ಸಭೆಯ ನಡಾವಳಿ ಬಂತು, ಕನ್ನಡಕ್ಕೆ ತಿರುಗಿಸಲು.
ನಾಲ್ಕು ಪುಟ. ಅವಳ ಪಾಲಿಗೆ ಒಂದು ಸಾಲು:
ಒಬ್ಬ ಮಹಿಳೆ ಗುರಿಯ ಕುರಿತು ಸ್ಪಷ್ಟನೆ ಕೋರಿದರು.
ಹಾಗೆಯೇ ಬರೆದೆ, ಏಳೂವರೆ... ಅಲ್ಲ, ಒಂಬತ್ತು ರೂಪಾಯಿ.
ಬರೆದು, ಮಹಿಳೆಯ ನೆತ್ತಿಗೆ ಒಂದು ನಕ್ಷತ್ರ ಇಟ್ಟೆ.
ಕೆಳಗೆ, ಇರುವೆ ಅಕ್ಷರದಲ್ಲಿ,
ಹಿಟ್ಟು, ಚೀಲ, ಮುನ್ನೂರು ರೊಟ್ಟಿ, ಬೆಳ್ಳಗಿನ ಜೋಳ,
ಅವಳ ಮಾತಿನಲ್ಲೇ, ಒಂದು ಕಾಗುಣಿತವನ್ನೂ ತಿದ್ದದೆ.

ಯಾರೂ ಫೋನು ಮಾಡಲಿಲ್ಲ.
ಓದಿದ್ದರೆ ಮಾಡುತ್ತಿದ್ದರು.

ಕೂಲರಿನ ನೀರು ಮುಗಿದು ಬರೀ ಬಿಸಿಗಾಳಿ ಬರುತ್ತಿದೆ.
ಆರಿಸೋಣವೆಂದು ಎದ್ದೆ.
ಕೊಡ ತಂದು ನೀರು ಸುರಿದೆ.