ಸ್ಟೆಪ್ನಿ

ವಿರಾಜಪೇಟೆಯ ಮೊಯ್ದು ಮೊದಲೇ ಹೇಳಿದ್ದ:
ಈ ಪುಟ್ಟ ಗಾಡಿಗೆ ಇಷ್ಟಗಲದ ಟೈರು
ಬೇಡ ದೇಚಮ್ಮಕ್ಕ, ಸ್ಟೇರಿಂಗ್ ಭಾರ,
ಪೆಟ್ರೋಲೂ ಕುಡಿಯುತ್ತೆ.

ಕೇಳಲಿಲ್ಲ. ಚೀಟಿ ಎತ್ತಿದ ದುಡ್ಡು, ನನ್ನದೇ.
ನಾಲ್ಕು ಅಲಾಯ್, ಒಂದೊಂದಕ್ಕೂ ಐದೆಸಳು,
ಆಗಷ್ಟೇ ತೊಳೆದಿಟ್ಟ ತಟ್ಟೆಯ ಹೊಳಪು.
ಐದನೆಯದಕ್ಕೆ ಕಾಸು ಸಾಲಲಿಲ್ಲ.

ಮಾಕುಟ್ಟ ಘಾಟಿಯ ತಿರುವಿನಲ್ಲೊಂದು ಮೊಳೆ.
ಡಿಕ್ಕಿಯಿಂದ ಇಳಿಯಿತು ಹಳೆಯ ಸಣಕಲು ಚಕ್ರ:
ತುಕ್ಕು, ಅರ್ಧ ಗಾಳಿ, ಒಳಗೊಂದು ಜೇಡ.
ಜೇಡವನ್ನು ಎಲೆಯ ಮೇಲೆ ಬಿಟ್ಟು
ನಟ್ಟು ಬಿಗಿದೆ.

ಮೂರು ಕಾಲಿಗೆ ಮದುವೆಯ ಬೂಟು,
ಒಂದಕ್ಕೆ ಕಾಫಿ ಕಣದ ಚಪ್ಪಲಿ.
ಎಡಕ್ಕೆ ವಾಲುತ್ತ, ಇರಿಟ್ಟಿವರೆಗೂ ಮೆಲ್ಲಗೆ.

ಏರಿ ಬಂದ ಬಸ್ಸಿನ ಕ್ಲೀನರ್ ತಲೆ ಹೊರಹಾಕಿ ಕೂಗಿದ:
ಚೇಚೀ, ಒಂದು ಮರೆತಿದ್ದೀರಿ!

ಮರೆತದ್ದಲ್ಲ ಮಾರಾಯ,
ಎಸೆಯದೆ ಉಳಿದದ್ದು.